ಬಿಂದು ಅಗಸಿಯ ಮುಂದೆ, ಲೆಕ್ಕ ಸಂಕೇತದ ಮೇಲೆ: ಹಳ್ಳಿ ಪಟ್ಟಿ ಮಾಡಿದ ನನ್ನ ಅನುಭವ

ಹಳ್ಳಿ ಎಲ್ಲಿದೆ, ಜನ ಎಷ್ಟು ಅನ್ನುವುದನ್ನು ಫೋನಿನಲ್ಲೇ ತೆಗೆಯಬಹುದು, ಊರೂರು ಅಲೆಯುವುದೇಕೆ ಎಂದವರೇ ಬಹಳ. ಬಾಗಲಕೋಟೆ, ವಿಜಯಪುರ ಕಡೆಯ ಸುಮಾರು ನಲವತ್ತು ಹಳ್ಳಿಗಳ ಪಟ್ಟಿ ಈಗ ಗಟ್ಟಿಯಾಗಿ ನಿಂತಿದೆ. ಹಾಗೆ ಹೇಳಿದವರೇ ಪ್ರತಿ ಕೇಳಿ ಒಯ್ಯುತ್ತಿದ್ದಾರೆ.

ಮೊದಲ ಪಟ್ಟಿ ಕೆಟ್ಟಿದ್ದು ಹೆಸರು ನಂಬಿದ್ದಕ್ಕೆ. ಒಂದೇ ಹೆಸರಿನ ಬುದ್ರುಕ (ದೊಡ್ಡದು), ಖುರ್ದ (ಚಿಕ್ಕದು) ಎರಡೂ ಊರು ಇರುವ ಕಡೆ ಒಂದೂರಿನ ಬಿಂದುವಿಗೆ, ಅಂದರೆ ಅದರ ಅಕ್ಷಾಂಶ-ರೇಖಾಂಶಕ್ಕೆ, ಇನ್ನೊಂದೂರಿನ ಜನಸಂಖ್ಯೆ ಕೂತಿತ್ತು. ಈಗ 2011ರ ಜನಗಣತಿಯ ಆರಂಕಿ ಗ್ರಾಮ ಸಂಕೇತ ಮೊದಲು, ಹೆಸರು ಆಮೇಲೆ. ಜಿಲ್ಲಾ ಸಂಕೇತ ಬೆಳಗಾವಿಗೆ 555, ಬಾಗಲಕೋಟೆಗೆ 556, ವಿಜಯಪುರಕ್ಕೆ 557. ಆ ಕಡತಗಳಲ್ಲಿ ಬೆಳಗಾಂ, ಬಿಜಾಪುರ ಎಂದೇ ಹುಡುಕಬೇಕು, ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಹೊಸ ತಾಲೂಕುಗಳೂ ಅದರಲ್ಲಿಲ್ಲ: ಇಳಕಲ್ಲಿನ ಹಳ್ಳಿಗೆ ಹುನಗುಂದ, ನಿಡಗುಂದಿಯದಕ್ಕೆ ಬಸವನಬಾಗೇವಾಡಿ ತೆರೆಯಿರಿ. ಒಮ್ಮೆ ಸಿದ್ಧ ಪಟ್ಟಿ ಕೊಂಡು ಎರಡೂವರೆ ಸಾವಿರ ಕಳೆದೆ. ಪುಕ್ಕಟೆ ಸಿಗುವ ಜನಗಣತಿ ಕಡತವೇ ಅದು, ಸಂಕೇತದ ಕಾಲಂ ಮಾತ್ರ ಅಳಿಸಿತ್ತು!

ಬಿಂದುವನ್ನು ಪಂಚಾಯಿತಿ ಕಚೇರಿಯ ಮೇಲೆ ಇಟ್ಟರೆ ಅದು ಎಷ್ಟೋ ಸಲ ಪಕ್ಕದೂರಾಗಿರುತ್ತದೆ. ನಕ್ಷೆಯ ಗಡಿಯ ನಟ್ಟನಡುವೆ ಇಟ್ಟರೆ ಯಾರದೋ ಜೋಳದ ಹೊಲ. ನಾನು ಹಿಡಿಯುವುದು ಗಾವಠಾಣದ, ಅಂದರೆ ಮನೆಗಳಿರುವ ಊರ ಜಾಗದ, ಅಗಸಿ (ಹೆಬ್ಬಾಗಿಲು). ಅಗಸಿಯ ಕಮಾನಿನ ಕೆಳಗೆ ಜಿಪಿಎಸ್ ಕುಣಿಯುತ್ತದೆ, ಹತ್ತು ಹೆಜ್ಜೆ ಹೊರಬಂದು ಬಯಲಲ್ಲಿ ಎರಡು ನಿಮಿಷ ನಿಂತು, ಅದು ತೋರಿಸುವ ತಪ್ಪಿನ ಅಂತರ ಐದು ಮೀಟರಿಗೆ ಇಳಿದ ಮೇಲೆ ಬರೆದುಕೊಳ್ಳಬೇಕು. ನಾಲ್ಕು ದಶಾಂಶ ಸಾಕು, ಅಷ್ಟಕ್ಕೇ ಸುಮಾರು 11 ಮೀಟರ್ ನಿಖರತೆ ಬರುತ್ತದೆ. 16°30′ ಅನ್ನು 16.30 ಎಂದು ಬರೆದರೆ ಊರು 22 ಕಿ.ಮೀ. ದಕ್ಷಿಣಕ್ಕೆ ಹೋಗುತ್ತದೆ, ಅದು 16.50 ಆಗಬೇಕು. ಆಲಮಟ್ಟಿ ಹಿನ್ನೀರಿನ ಊರುಗಳಿಗೆ ಎರಡು ಬಿಂದು ಇಡಿ, ಮುಳುಗಿದ ಜಾಗಕ್ಕೊಂದು, ಪುನರ್ವಸತಿ ಕೇಂದ್ರಕ್ಕೊಂದು. ಹಳೆಯ ನಕ್ಷೆ ನಂಬಿದವರ ಊರು ನೀರಿನಲ್ಲೇ ಇರುತ್ತದೆ.

ಜನಸಂಖ್ಯೆಗೆ ಉಪಗ್ರಹ ಚಿತ್ರದಲ್ಲಿ ಚಾವಣಿ ಎಣಿಸಿ, ಮನೆಗೆ ಐದು ಜನರೆಂದು ಗುಣಿಸಿಯೂ ನೋಡಿದೆ. ಸುಮಾರು 1400 ಜನರ ಊರಿಗೆ 2100 ಬಂತು. ದನದ ಪತ್ರಾಸ್ (ತಗಡಿನ) ಶೆಡ್ಡುಗಳು ಅದರಲ್ಲಿ ಮನೆಯಂತೆಯೇ ಹೊಳೆಯುತ್ತವೆ, ಮಣ್ಣಿನ ಚಾವಣಿಯ ಮೇಲ್ಮುದ್ದೆ ಮನೆಗಳು ಮಣ್ಣಿನಲ್ಲಿ ಮಣ್ಣಾಗಿ ಕಾಣುವುದೇ ಇಲ್ಲ. ಎರಡು ವಾರ ಹಾಳು.

ಜನಗಣತಿಯ ಸಂಖ್ಯೆ ಇಡೀ ಕಂದಾಯ ಗ್ರಾಮದ್ದು. ತೋಟದ ವಸ್ತಿ, ತಾಂಡಾ ಎಲ್ಲ ಅದರಲ್ಲೇ ಸೇರಿವೆ. ತಾಂಡಾ ಈಚೆಗೆ ಬೇರೆ ಕಂದಾಯ ಗ್ರಾಮವಾಗಿದ್ದರೂ 2011ರ ಲೆಕ್ಕ ತಾಯಿ ಊರಿನಲ್ಲೇ ಇದೆ, ಎರಡು ಕಡೆ ಬರೆದು ದುಪ್ಪಟ್ಟು ಮಾಡಬೇಡಿ. ಇನ್ನೊಂದು ಮಾತು ಯಾರೂ ಗಮನಿಸುವುದಿಲ್ಲ. ಆ ಎಣಿಕೆ ನಡೆದದ್ದು 2011ರ ಫೆಬ್ರುವರಿ 9ರಿಂದ 28ರವರೆಗೆ, ಕಬ್ಬು ಕಡಿಯುವ ಹಂಗಾಮಿನಲ್ಲಿ. ಅಷ್ಟೂ ದಿನ ಗ್ಯಾಂಗಿನೊಂದಿಗೆ ಹೋಗಿದ್ದವರು ಊರ ಲೆಕ್ಕದಲ್ಲಿಲ್ಲ, ಇದ್ದಲ್ಲೇ ಎಣಿಕೆಯಾಗಬೇಕಾದವರು. ಗುಳೆ ಹೋಗುವ ಊರುಗಳಲ್ಲಿ ಸಂಖ್ಯೆ ಕಡಿಮೆ ಕಂಡರೆ ಮೊದಲು ಇದನ್ನೇ ಅನುಮಾನಿಸಬೇಕು.

2021ರ ಜನಗಣತಿ ನಡೆಯಲಿಲ್ಲವಾದ್ದರಿಂದ ಈಗಿನ ಅಂದಾಜಿಗೆ ಅಂಗನವಾಡಿಯ ಸರ್ವೆ ರಿಜಿಸ್ಟರೇ ಗತಿ. ಊರಿನಲ್ಲಿ ಎರಡು ಕೇಂದ್ರಗಳಿದ್ದರೆ ಎರಡನ್ನೂ ಕೂಡಿಸಿ, ಆದರೆ ಗಡಿ ಓಣಿಯ ಮನೆಗಳು ಎರಡರಲ್ಲೂ ಬಂದಿರುತ್ತವೆ. ಅವನ್ನು ಬೇಗ ಹಿಡಿಯುವ ಉಪಾಯ ಒಂದಿದೆ, ಅದು ನನ್ನಲ್ಲೇ ಇರಲಿ. ಪೆಟ್ರೋಲು, ಝೆರಾಕ್ಸು ಸೇರಿ ಹಳ್ಳಿಗೆ ಇನ್ನೂರೈವತ್ತು ರೂಪಾಯಿಯ ಆಸುಪಾಸು ಬಿತ್ತು. ಪಟ್ಟಿಯಲ್ಲಿ ಎರಡು ಕಾಲಂ ಬೇರೆಯಿಡಿ: ‘2011ರ ಗಣತಿ’ ಮತ್ತು ‘ರಿಜಿಸ್ಟರ್, ಇಂಥ ತಿಂಗಳು’.