ಹಳೇ ಮಿಲಿಟರಿ ರೈಫಲ್: ಕಮ್ಮಿ ದುಡ್ಡಲ್ಲಿ ಒಳ್ಳೇದನ್ನು ಆರಿಸುವುದು ಹೇಗೆ

ಅಮೆರಿಕದ ಗನ್ ಶೋಗಳಲ್ಲಿ ಹೊಸಬರು ಮೊದಲು ನೋಡುವುದು ಮರವನ್ನು. ಪಾಲಿಶ್ ಹೊಡೆದು ಮಿಂಚುವ ಎನ್‌ಫೀಲ್ಡ್, ಅಂದರೆ ಬ್ರಿಟಿಷ್ ಸೈನ್ಯದ ಹಳೇ ರೈಫಲ್, ಕಂಡರೆ ಸಾಕು, ಕೈ ಜೇಬಿಗೆ ಹೋಗುತ್ತದೆ. ಆಮೇಲೆ ರೇಂಜ್‌ನಲ್ಲಿ ಹೊಡೆದರೆ ಗುಂಡು ಅಡ್ಡ ತಿರುಗಿಕೊಂಡು ಹೋಗಿ ಕಾಗದದಲ್ಲಿ ಉದ್ದುದ್ದ ತೂತು ಬೀಳುತ್ತದೆ. ಬ್ಯಾರಲ್ ಸವೆದಿದೆ ಅಂತ ಗೊತ್ತಾಗುವುದು ಆಗಲೇ. ಮಾರಿದವನು ಅಷ್ಟೊತ್ತಿಗೆ ಟೇಬಲ್ ಮಡಚಿಕೊಂಡು ಹೋಗಿರುತ್ತಾನೆ.

ಹಂತ 1: ಕಾಗದಪತ್ರ

ಎಚ್-1ಬಿ, ಎಫ್-1 ತರದ ವೀಸಾದಲ್ಲಿದ್ದರೆ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ಸುಮ್ನೆ ಯಾಕೆ ತಲೆನೋವು, ಗ್ರೀನ್ ಕಾರ್ಡ್ ಬರುವವರೆಗೆ ಕಾಯಿರಿ. ಬಂದ ಮೇಲೆ, 50 ವರ್ಷ ದಾಟಿದ ಬಂದೂಕುಗಳನ್ನು ಕೂಡಿಡುವವರಿಗೆ ಸಿ ಅಂಡ್ ಆರ್ ಎಂಬ ಬೇರೆ ಲೈಸೆನ್ಸ್ ಇದೆ. ಮೂರು ವರ್ಷಕ್ಕೆ 30 ಡಾಲರ್. ಒಂದಕ್ಕಿಂತ ಜಾಸ್ತಿ ಕೊಳ್ಳುವ ಆಸೆ ಇದ್ದರೆ ಇದನ್ನು ಮಾಡಿಸಿಕೊಳ್ಳಿ. ನಿಮ್ಮ ರಾಜ್ಯದ ನಿಯಮವನ್ನೂ ಓದಿಕೊಳ್ಳಿ, ಕ್ಯಾಲಿಫೋರ್ನಿಯಾದ್ದೇ ಬೇರೆ, ಟೆಕ್ಸಸ್‌ದೇ ಬೇರೆ.

ಹಂತ 2: ಯಾವುದು?

ಮೊಸಿನ್-ನಗಾಂತ್ ತಗೋ ಅಂತ ಎಲ್ಲರೂ ಹೇಳುತ್ತಾರೆ. ಆ ರಷ್ಯನ್ ರೈಫಲ್ ನೂರು ಡಾಲರ್‌ಗೂ ಕಮ್ಮಿಗೆ ಪೆಟ್ಟಿಗೆಗಟ್ಟಲೆ ಸಿಗುತ್ತಿದ್ದ ಕಾಲಕ್ಕೆ ಆ ಮಾತು ಸರಿ. ಈಗ ಆ ಬೆಲೆಯೂ ಇಲ್ಲ, ಅಗ್ಗದ ರಷ್ಯನ್ ತೋಟಾವೂ ಇಲ್ಲ.

ನನ್ನ ಮಾತು ಕೇಳುವುದಾದರೆ ಇಶಾಪುರದ 2ಎ1 ಹುಡುಕಿ. 1962ರ ಚೀನಾ ಯುದ್ಧದ ನಂತರ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದ ಎನ್‌ಫೀಲ್ಡ್ ಇದು, 7.62 ನೇಟೋ ತೋಟಾ ಹಾರಿಸುತ್ತದೆ. ಹಳೇ .303 ತೋಟಾದ ಎನ್‌ಫೀಲ್ಡ್‌ಗೆ ಹೊಸ ಬ್ಯಾರಲ್ ಸಿಕ್ಕಿಸಿದ್ದು ಅಂತ ಮಾರುವವರೇ ಎಷ್ಟೋ ಸಲ ಹೇಳುತ್ತಾರೆ. ಅದು ಸುಳ್ಳು, ಇನ್ನೂ ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ್ದು. ಹಿಡಿಯ ಹತ್ತಿರದ ಪಟ್ಟಿಯ ಮೇಲೆ ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಶಾಪುರ) ಅಂತಲೂ ವರ್ಷವೂ ಒತ್ತಿರುತ್ತದೆ. ಮುಖ್ಯ ಏನೆಂದರೆ ಇದರ ತೋಟಾ ಸುಲಭವಾಗಿ ಸಿಗುತ್ತದೆ, .303 ಹುಡುಕಿಕೊಂಡು ಅಲೆಯಬೇಕಿಲ್ಲ. ಬೇಟೆಗೆಂದು ಮಾರುವ, ಅಳತೆಯಲ್ಲಿ ಇದರಂತೆಯೇ ಇರುವ ಜೋರು .308 ತೋಟಾ ಮಾತ್ರ ಇದಕ್ಕೆ ಹಾಕಬೇಡಿ.

ಕತ್ತರಿಸಿ ಗಿಡ್ಡ ಮಾಡಿದ 2ಎ1 ಕೂಡ ಸಿಗುತ್ತವೆ, 'ಜಂಗಲ್ ಕಾರ್ಬೈನ್' ಅಂತ ಹೆಸರು ಹಚ್ಚಿರುತ್ತಾರೆ. ಅವು ಆಮದುದಾರರು ಗರಗಸ ಹಾಕಿ ಮಾಡಿದವು, ಸಂಗ್ರಹಕ್ಕೆ ಲಾಯಕ್ಕಿಲ್ಲ. ಬೇಟೆಗಾಗಿ ಮುಂದಿನ ಮರ ಕೊಯ್ದ ರೈಫಲ್ ಅಗ್ಗ ಅಂತ ತಂದು ಮರ ಕೂಡಿಸಲು ಹೊರಟರೂ ಅಷ್ಟೇ. ಬಿಡಿಭಾಗದ ಖರ್ಚು ಸೇರಿದರೆ ಇಡೀ ರೈಫಲ್ಲೇ ಬರುತ್ತಿತ್ತು.

ಹಂತ 3: ಬ್ಯಾರಲ್

ಎಲ್ಲರೂ ಎಡವುವುದು ಇಲ್ಲೇ. ಮೊದಲು ತೋಟಾ ಒಳಗಿಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತ ಮಾಡಿಕೊಳ್ಳಿ. ಆಮೇಲೆ ಮಾರುವವರನ್ನು ಕೇಳಿ ಬೋಲ್ಟ್, ಅಂದರೆ ತೋಟಾದ ಹಿಂದೆ ಬಾಗಿಲಿನಂತೆ ಮುಚ್ಚಿಕೊಳ್ಳುವ ಉಕ್ಕಿನ ತುಂಡನ್ನು, ತೆಗೆಯಿರಿ. 2ಎ1ನಲ್ಲಿ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು, ಅದರ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಟಕ್ ಅಂತ ಬಿಡುತ್ತದೆ. ಬೋಲ್ಟ್ ತೆಗೆಯಲು ಬಿಡದವರ ಹತ್ತಿರ ಕೊಳ್ಳಬೇಡಿ.

ಬ್ಯಾರಲ್‌ನಲ್ಲಿ ಒಂದು ಬಟ್ಟೆ ಎಳೆಸಿ. ಗೋದಾಮಿನ ಗ್ರೀಸ್ ಇದ್ದಾಗ ಕೆಟ್ಟ ಬ್ಯಾರಲ್ ಕೂಡ ಹೊಸದರಂತೆ ಹೊಳೆಯುತ್ತದೆ. ಈಗ ಮೂತಿಯ ಕಡೆ ಫೋನಿನ ಬೆಳಕು ಬಿಟ್ಟು, ಬೋಲ್ಟ್ ಇದ್ದ ಕಡೆಯಿಂದ ನೋಡಿ. ಸುರುಳಿ ಸುತ್ತಿದ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಒಳಗೆಲ್ಲ ಸ್ವಲ್ಪ ಕಪ್ಪಾಗಿದ್ದರೆ ಪರವಾಗಿಲ್ಲ, ಅಂಚು ಚೂಪಿದ್ದರೆ ಕಪ್ಪು ಬ್ಯಾರಲ್ ಕೂಡ ಚೆನ್ನಾಗಿ ಹೊಡೆಯುತ್ತದೆ. ಹೊಳಪಿದ್ದೂ ಅಂಚು ಮೊಂಡಾಗಿದ್ದರೆ ಬೇಡ. ಬಳೆಯಂತೆ ದುಂಡನೆಯ ನೆರಳು ಕಂಡರೆ ಬ್ಯಾರಲ್ ಅಲ್ಲಿ ಉಬ್ಬಿದೆ ಅಂತ ಅರ್ಥ, ಅಲ್ಲಿಂದ ಎದ್ದುಬಿಡಿ.

ಇನ್ನು ಮೂತಿ. ಸಿಪಾಯಿಗಳು ವರ್ಷಗಟ್ಟಲೆ ಹಗ್ಗ ಎಳೆದೆಳೆದು ಬ್ಯಾರಲ್ ಒರೆಸಿರುತ್ತಾರೆ. ಹಗ್ಗ ಒಂದೇ ಕಡೆ ಉಜ್ಜಿದರೆ ಮೂತಿಯ ದುಂಡು ಕೆಟ್ಟು ಮೊಟ್ಟೆ ಆಕಾರಕ್ಕೆ ತಿರುಗುತ್ತದೆ. ಗುಂಡಿಗೆ ದಿಕ್ಕು ಕೊಡುವ ಕೊನೆಯ ಜಾಗ ಅದೇ ಅಲ್ವಾ? ಹಾಗಾಗಿ ಅದೇ ಅಳತೆಯ ಬಿಡಿ ಗುಂಡನ್ನೋ ಡಮ್ಮಿ ತೋಟಾವನ್ನೋ ತೆಗೆದುಕೊಂಡು ಹೋಗಿ. ಮದ್ದಿರುವ ತೋಟಾ ಬೇಡ. ಗುಂಡಿನ ಚೂಪು ತುದಿಯನ್ನು ಮೂತಿಯೊಳಗೆ ಇಳಿಸಿ ನೋಡಿ. ಹಿತ್ತಾಳೆಯ ಕಂಠದವರೆಗೂ ಸಲೀಸಾಗಿ ಇಳಿದರೆ ಮೂತಿ ಸವೆದಿದೆ. ಸುತ್ತಲೂ ಲೋಹ ಕಾಣುವಷ್ಟು ಹೊರಗೆ ನಿಂತರೆ ಒಳ್ಳೇದು. ಮೊಸಿನ್‌ಗಳಲ್ಲಿ ಸವೆದ ಮೂತಿಯನ್ನು ಸೋವಿಯತ್ ಕಾರ್ಖಾನೆಗಳೇ ಒಳಗಿಂದ ಕೊರೆದು ಸರಿಮಾಡಿರುತ್ತವೆ. ಅಂಥದ್ದರಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಹಂತ 4: ನಂಬರು

ಬೋಲ್ಟ್ ಹಿಡಿಯ ಮೇಲಿನ ನಂಬರೂ ರೈಫಲ್ ಮೈಮೇಲಿನ ನಂಬರೂ ಒಂದೇ ಇರಬೇಕು. ಬೇರೆ ಬೋಲ್ಟ್ ಹಾಕಿದ್ದರೆ ಬೋಲ್ಟಿಗೂ ತೋಟಾಕ್ಕೂ ನಡುವಿನ ಸಂದು ಜಾಸ್ತಿಯಾಗಿರಬಹುದು. ಆಗ ತೋಟಾ ಹಿಂಬದಿಯಲ್ಲಿ ಸೀಳಿ ಬಿಸಿ ಗಾಳಿ ಮುಖಕ್ಕೆ ನುಗ್ಗುತ್ತದೆ. ನಂಬರು ಹೊಂದಿದ್ದರೂ ಮೊದಲ ಗುಂಡಿಗಿಂತ ಮುಂಚೆ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವನು) ಹತ್ತಿರ ಆ ಸಂದು ಅಳೆಯುವ ಗೇಜ್ ಹಾಕಿಸಿ. 'ಗೋ' ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, 'ನೋ-ಗೋ' ಮೇಲೆ ಮುಚ್ಚಬಾರದು. ಡಿಪಿ ಅಂತ ಒತ್ತಿದ್ದರೆ ಅದು ಕವಾಯತಿಗೆ ಇಟ್ಟ ರೈಫಲ್, ಹಾರಿಸಲೇಬೇಡಿ.

ಅಫ್ಘಾನಿಸ್ತಾನದ ಕಡೆಯಿಂದ ಬಂದ ನಕಲಿಗಳೂ ಇವೆ. ಕೈಯಲ್ಲಿ ಬಡಿದು ಮಾಡಿದವು. ಮಾರ್ಕ್ 3 ಎನ್‌ಫೀಲ್ಡ್ ಮೇಲೆ ಕಿರೀಟದ ಕೆಳಗೆ 'ವಿಆರ್' (ವಿಕ್ಟೋರಿಯಾ ರಾಣಿಯ ಗುರುತು) ಅಂತಿದ್ದರೆ ಅದು ನಕಲಿ. ವಿಕ್ಟೋರಿಯಾ ರಾಣಿ ಸತ್ತಿದ್ದು 1901ರಲ್ಲಿ, ಮಾರ್ಕ್ 3 ಬಂದಿದ್ದು 1907ರಲ್ಲಿ.

ಹಂತ 5: ಮನೆಗೆ ತಂದ ಮೇಲೆ

ಗ್ರೀಸ್ ಒರೆಸಿ, ಮುಗಿಯಿತು. ಉಪ್ಪುಕಾಗದ ಮಾತ್ರ ಮುಟ್ಟಬೇಡಿ. ಮರದ ಮೇಲಿನ ಮುದ್ರೆಗಳು ಹೋದರೆ ಬೆಲೆಯೂ ಹೋಯಿತು. ತುಂಡು ತುಂಡು ಜೋಡಿಸುವ ಉಕ್ಕಿನ ಸಲಾಕೆಯ ಅಗ್ಗದ ಕ್ಲೀನಿಂಗ್ ಕಿಟ್ ಬರುತ್ತದಲ್ಲ, ಅದನ್ನು ಪುಕ್ಕಟೆ ಕೊಟ್ಟರೂ ಬೇಡ ಅನ್ನಿ. ಅದರ ಜೋಡಣೆಯ ಅಂಚೇ ಬ್ಯಾರಲ್ ಗೀರುತ್ತದೆ. ಹಳೇ ಮಿಲಿಟರಿ ತೋಟಾ ಹಾರಿಸಿದ ದಿನವೇ ಬ್ಯಾರಲ್‌ಗೆ ಬಿಸಿನೀರು ಸುರಿದು, ಒಣಗಿಸಿ, ಎಣ್ಣೆ ಹಾಕಿ. ಅದರ ಪ್ರೈಮರ್ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದು) ಬಿಡುವ ಉಪ್ಪು ನೀರಲ್ಲೇ ಕರಗುವುದು, ಬರೀ ಎಣ್ಣೆಗೆ ಹೋಗುವುದಿಲ್ಲ.

ಮರಕ್ಕೆ ವಾರ್ನಿಷ್ ಬೇಡ. ಹಸಿ ಅಗಸೆ ಎಣ್ಣೆ ಸ್ವಲ್ಪ ಕೈಗೆ ಹಾಕಿಕೊಂಡು ಉಜ್ಜಿ, ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರವಿ, ಒಣಗಿದ ಮೇಲೆ ಕಸಕ್ಕೆ ಹಾಕಿ.