ಸೋಮ-ಬುಧ-ಶುಕ್ರ ಡಯಾಲಿಸಿಸ್, ಶುಕ್ರವಾರವೇ ಮತದಾನ

2024ರ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಮಾರ್ಚ್ 16ರಂದು ಹೊರಬಿದ್ದಾಗ ಅಭ್ಯರ್ಥಿ ಯಾರು ಅನ್ನೋದಕ್ಕಿಂತ ಮೊದಲು ನಾನು ನೋಡಿದ್ದು ವಾರ. ತುಮಕೂರು, ಹಾಸನ, ಮಂಡ್ಯ, ಬೆಂಗಳೂರು ಕಡೆಯ 14 ಕ್ಷೇತ್ರಗಳಿಗೆ ಏಪ್ರಿಲ್ 26, ಶುಕ್ರವಾರ. ಬೆಳಗಾವಿ, ಕಲಬುರಗಿ, ಶಿವಮೊಗ್ಗ ಕಡೆಯ 14 ಕ್ಷೇತ್ರಗಳಿಗೆ ಮೇ 7, ಮಂಗಳವಾರ. ಕಿಡ್ನಿ ಕೈಕೊಟ್ಟವರ ರಕ್ತವನ್ನು ಮಿಷನ್ನಿನಲ್ಲಿ ಶುದ್ಧಿ ಮಾಡುವ ಡಯಾಲಿಸಿಸ್ ಕೇಂದ್ರಗಳಲ್ಲಿ ರೋಗಿಗಳು ಎರಡು ಗುಂಪು: ಸೋಮ-ಬುಧ-ಶುಕ್ರದವರು, ಮಂಗಳ-ಗುರು-ಶನಿಯವರು. ಅಂದರೆ ದಕ್ಷಿಣದಲ್ಲಿ ಮೊದಲ ಗುಂಪಿಗೂ ಉತ್ತರದಲ್ಲಿ ಎರಡನೆಯ ಗುಂಪಿಗೂ ಮತದಾನದ ದಿನವೇ ಮಿಷನ್ ದಿನ. ನಾನು ಮೊದಲ ಗುಂಪಿನವ.

ಇಂಥ ದಿನ ಹಲವರು ಮಾಡುವ ತಪ್ಪು, "ರಜೆ ಇದೆ, ಶುಕ್ರವಾರದ್ದು ಬಿಟ್ಟು ಸೋಮವಾರ ಮಾಡಿಸಿಕೊಂಡರಾಯಿತು" ಅನ್ನೋದು. ಬುಧವಾರದಿಂದ ಸೋಮವಾರಕ್ಕೆ ಐದು ದಿನ ಅಂತರ. ಶುಕ್ರವಾರದಿಂದ ಸೋಮವಾರದವರೆಗಿನ ಮಾಮೂಲಿ ಅಂತರವೇ ವಾರದಲ್ಲಿ ಅತಿ ಅಪಾಯದ್ದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎದೆಬಡಿತ ತಪ್ಪುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು ಹೆಚ್ಚಾಗಿ ಆಗಲೇ. ಅದರ ಮೇಲೆ ಇನ್ನೂ ಎರಡು ದಿನ ಹೇರುವ ಮಾತೇ ಇಲ್ಲ. ಮತದಾನ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ, ಹನ್ನೊಂದು ಗಂಟೆ ಕಾಲ. ಮಿಷನ್ನಿಗೆ ಬೇಕಾದ್ದು ನಾಲ್ಕು ಗಂಟೆ. ಎರಡಕ್ಕೂ ಜಾಗ ಇದೆ, ಯಾವುದು ಮೊದಲು ಅನ್ನೋದಷ್ಟೇ ಪ್ರಶ್ನೆ.

ಮತ ಮೊದಲು, ಮಿಷನ್ ಆಮೇಲೆ. ಕಾರಣ ಎರಡು. ಡಯಾಲಿಸಿಸ್ ಮುಗಿದ ಮೇಲೆ ಮೈಯಿಂದ ಎರಡು-ಮೂರು ಲೀಟರ್ ನೀರು ಇಳಿದಿರುತ್ತೆ, ಬಿಪಿ ಕುಸಿದಿರುತ್ತೆ. ಏಪ್ರಿಲ್ ಬಿಸಿಲಲ್ಲಿ ಶಾಲೆಯ ಅಂಗಳದ ಸಾಲಲ್ಲಿ ನಿಂತರೆ ತಲೆ ಸುತ್ತಿ ಬೀಳುವುದು ಖಚಿತ ಅಂತಲೇ ಇಟ್ಟುಕೊಳ್ಳಿ. ಎರಡನೆಯದು ಹೆಪಾರಿನ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಈ ಔಷಧಿಯ ಪ್ರಭಾವ ಕೆಲವು ಗಂಟೆ ಉಳಿಯುತ್ತೆ, ನೂಕುನುಗ್ಗಲಲ್ಲಿ ಕೈ ತಾಗಿದರೆ ಸೂಜಿ ಚುಚ್ಚಿದ ಜಾಗದಿಂದ ಮತ್ತೆ ರಕ್ತ ಬರಬಹುದು. ಹಾಗಾಗಿ ಎರಡು ವಾರ ಮೊದಲೇ ಟೆಕ್ನಿಷಿಯನ್ ಹತ್ತಿರ ಹೇಳಿ ಆ ಶುಕ್ರವಾರದ ಬೆಳಗಿನ ಪಾಳಿಯನ್ನು ಮಧ್ಯಾಹ್ನದ ಪಾಳಿಗೆ ಅದಲುಬದಲು ಮಾಡಿಸಿಕೊಂಡೆ. ಬದಲು ಬರುವವರು ಬೇರೆ ಕ್ಷೇತ್ರದ ಮತದಾರರಾಗಿದ್ದರೆ ಸುಲಭ. ಕೊನೆಯ ವಾರ ಕೇಳಿದರೆ ಆಗದು, ಸಿಬ್ಬಂದಿಯಲ್ಲೂ ಕೆಲವರು ಓಟು ಹಾಕಲು ಊರಿಗೆ ಹೊರಟಿರುತ್ತಾರೆ.

"ಮನೆಯಿಂದಲೇ ಓಟು ಹಾಕಬಹುದಲ್ಲ?" ಅಂತ ಎಲ್ಲರೂ ಕೇಳುತ್ತಾರೆ. ನಮಗೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿದೆ. ನಮೂನೆ 12ಡಿ ಕೊಟ್ಟು ಮನೆಯಲ್ಲೇ ಮತ ಹಾಕುವ ಅವಕಾಶ 85 ದಾಟಿದವರಿಗೆ, ಇಲ್ಲವೇ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಥಲಸ್ಸೀಮಿಯಾ, ಹೀಮೋಫಿಲಿಯಾ, ಪಾರ್ಕಿನ್ಸನ್ ಎಲ್ಲ ಇವೆ. ಕಿಡ್ನಿ ವೈಫಲ್ಯ ಇಲ್ಲ. ಆದರೆ ಸಕ್ಕರೆ ಕಾಯಿಲೆಯಿಂದಲೇ ಕಿಡ್ನಿ ಹೋದವರಲ್ಲಿ ದೃಷ್ಟಿ ಮಂಜಾದವರು, ಕಾಲು ಕಳೆದುಕೊಂಡವರು ಇದ್ದಾರೆ. ಅವರು ಆ ಆಧಾರದ ಮೇಲೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿದ್ದು, ಅದರಲ್ಲಿ ಶೇ. 40 ಇದ್ದರೆ ಅರ್ಹರು. ಅಧಿಸೂಚನೆಯಾದ ಐದು ದಿನದೊಳಗೆ ಅರ್ಜಿ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಕೈ ಸೇರಬೇಕು. ಏಪ್ರಿಲ್ 26ರ ಕ್ಷೇತ್ರಗಳಿಗೆ ಅಧಿಸೂಚನೆ ಬಂದದ್ದು ಮಾರ್ಚ್ 28ಕ್ಕೆ. ಅರ್ಜಿ ಒಪ್ಪಿತವಾದ ಮೇಲೆ ಮತಗಟ್ಟೆಗೆ ಹೋಗಿ ಹಾಕುವಂತಿಲ್ಲ. ತಂಡ ಮನೆಗೆ ಬಂದಾಗ ನೀವಿಲ್ಲದಿದ್ದರೆ ಇನ್ನೊಂದೇ ಸಲ ಬರುತ್ತೆ, ಆದ್ದರಿಂದ ನಿಮ್ಮ ಮಿಷನ್ ವಾರಗಳನ್ನು ಬಿಎಲ್‌ಒಗೆ ಬರೆದು ಕೊಡಿ.

ಮತದಾನದ ಹಿಂದಿನ ದಿನ ಮತ್ತು ಅವತ್ತು ಬಸ್ ನಂಬಬೇಡಿ. ಸಾರಿಗೆ ನಿಗಮದ ಬಸ್ಸುಗಳು ಮತಗಟ್ಟೆ ಸಿಬ್ಬಂದಿಯನ್ನು ಸಾಗಿಸಲು ಹೋಗಿರುತ್ತವೆ, ಉಳಿದವು ಊರಿಗೆ ಹೊರಟವರಿಂದ ತುಂಬಿರುತ್ತವೆ. ಹಿಂದಿನ ದಿನ ಸಿಬ್ಬಂದಿಗೆ ಮತಯಂತ್ರ ಹಂಚುವ ಮಸ್ಟರಿಂಗ್ ನಡೆಯುವ ಕಾಲೇಜಿನ ಸುತ್ತಮುತ್ತ ರಸ್ತೆ ಕಟ್ಟಿಕೊಂಡಿರುತ್ತೆ. ಒಂದೇ ದಿಕ್ಕಿನಿಂದ ಬರುವ ಮೂವರು ರೋಗಿಗಳು ಸೇರಿ ಒಂದು ಕಾರು ಮಾತಾಡಿಕೊಳ್ಳುವುದು ವಾಸಿ. ಪ್ರಚಾರದ ದಿನಗಳಲ್ಲಿ ರೋಡ್‌ಶೋ ಇದ್ದರೆ ಒಂದು ಗಂಟೆ ಮೊದಲೇ ಹೊರಡುತ್ತಿದ್ದೆ. ಅರ್ಧ ಗಂಟೆ ತಡವಾದರೆ ಆ ಅರ್ಧ ಗಂಟೆ ನಿಮ್ಮ ನಾಲ್ಕು ಗಂಟೆಯಿಂದಲೇ ಕಡಿತ, ಯಾಕೆಂದರೆ ಮುಂದಿನ ಪಾಳಿಯವರು ಹೊರಗೆ ಕೂತಿರುತ್ತಾರೆ, ನಡುವೆ ಮಿಷನ್ ಶುದ್ಧಿಯೂ ಆಗಬೇಕು.

ಇನ್ನು ಬಾಯಿ. ಚುನಾವಣೆ ಕಾಲದ ನಿಜವಾದ ಕಷ್ಟ ಇಲ್ಲೇ. ಪ್ರಚಾರ ಸಭೆಯಲ್ಲಿ, ಕಚೇರಿ ಉದ್ಘಾಟನೆಯಲ್ಲಿ, ಮನೆ ಮುಂದಿನ ಪೆಂಡಾಲಲ್ಲಿ ಪ್ರೀತಿಯಿಂದ ಕೈಗಿಡುವ ಪ್ರತಿಯೊಂದೂ ನಮಗೆ ಆಗದ್ದು. 300 ಮಿ.ಲೀ. ಎಳನೀರಲ್ಲಿ 600ರಿಂದ 750 ಮಿ.ಗ್ರಾಂ ಪೊಟ್ಯಾಸಿಯಂ, ನಮ್ಮ ಇಡೀ ದಿನದ ಮಿತಿಯೇ ಸುಮಾರು 2000. ಬಾಳೆಹಣ್ಣು ಒಂದಕ್ಕೆ ಇನ್ನೊಂದು 400ರ ಹತ್ತಿರ. ಏಪ್ರಿಲ್ 17ರ ರಾಮನವಮಿ ಪ್ರಚಾರದ ನಡುವೆಯೇ ಬಂತು, ಅದೂ ಬುಧವಾರ. ಪಾನಕದಲ್ಲಿ ಬೆಲ್ಲ, ಮಜ್ಜಿಗೆಯಲ್ಲಿ ಉಪ್ಪು ಮತ್ತು ರಂಜಕ (ಫಾಸ್ಫರಸ್). "ಇವತ್ತು ಮಿಷನ್ ಇದೆಯಲ್ಲ, ತೆಗೀತಾರೆ ಬಿಡು" ಅಂತ ಬೆಳಿಗ್ಗೆ ಎರಡು ಲೋಟ ಹೊಡೆಯುವವರಿದ್ದಾರೆ. ಪೊಟ್ಯಾಸಿಯಂ ಏರಲು ಗಂಟೆಗಳು ಸಾಕು, ಎಷ್ಟೋ ಸಲ ಲಕ್ಷಣವೂ ಕಾಣದು. ಕಾಲು ಭಾರವಾಗಿ ಎತ್ತಲಾಗದೆ, ಎದೆಬಡಿತ ತಪ್ಪಿದಂತಾದರೆ ಪಾಳಿಗೆ ಕಾಯದೆ ಇಸಿಜಿ ಇರುವ ಆಸ್ಪತ್ರೆಗೆ ಓಡಬೇಕು.

ಬಿರಿಯಾನಿ ಪೊಟ್ಟಣದ ತೊಂದರೆ ಬೇರೆ ಥರ: ಉಪ್ಪು. ಉಪ್ಪು ತಿಂದ ಮೇಲೆ ನೀರಡಿಕೆ ತಡೆಯೋದು ಯಾರಿಂದಲೂ ಆಗದು, ಮನೋಬಲದ ಪ್ರಶ್ನೆಯೇ ಅಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚಕ್ಕಿಂತ ಕಡಿಮೆ, ಅದರಲ್ಲಿ ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ. ಅಂಗಡಿಯ "ಕಡಿಮೆ ಸೋಡಿಯಂ ಉಪ್ಪು" ತರಬೇಡಿ, ಸೋಡಿಯಂ ಬದಲಿಗೆ ಅದರಲ್ಲಿ ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡ್. ಸಭೆಗೆ ಹೋಗಲೇಬೇಕಾದರೆ ಉಪ್ಪು ಹಾಕದ ಮಂಡಕ್ಕಿ, ಸೇಬಿನ ಎರಡು ಹೋಳು ಜೇಬಲ್ಲಿ. ಹೊರಗೆ ಊಟ ಮಾಡುವುದಾದರೆ ರಂಜಕ ಹಿಡಿಯುವ ಮಾತ್ರೆಯೂ ಜೊತೆಗಿರಲಿ. ಅದು ಊಟದ ತುತ್ತಿನ ಜೊತೆ ಹೋಗಬೇಕು. ಮನೆಗೆ ಬಂದು ನುಂಗಿದರೆ ಉಪಯೋಗವಿಲ್ಲ.

ನೀರಿನ ಲೆಕ್ಕ ಹೀಗೆ: ಹಿಂದಿನ ದಿನದ ಮೂತ್ರ ಎಷ್ಟೋ ಅದಕ್ಕೆ 500 ಮಿ.ಲೀ. ಕೂಡಿಸಿ. ನನಗೆ 200 ಬರುವುದರಿಂದ ದಿನಕ್ಕೆ 700. ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದಿಡುತ್ತೇನೆ, ಕಾಫಿ ಕುಡಿದರೆ ಅಷ್ಟನ್ನು ಚೆಲ್ಲುತ್ತೇನೆ. ಬಾಯಿ ಒಣಗಿದರೆ ಒಂದು ಐಸ್ ತುಂಡು, ಅದೂ ಲೆಕ್ಕಕ್ಕೆ ಸೇರಿ. ಎರಡು ಡಯಾಲಿಸಿಸ್ ನಡುವೆ ತೂಕದ ಏರಿಕೆ ಒಣ ತೂಕದ (ಹೆಚ್ಚುವರಿ ನೀರೆಲ್ಲ ಇಳಿದ ಮೇಲಿನ ತೂಕ) ಶೇ. 4 ದಾಟಬಾರದು; 58 ಕೆ.ಜಿ. ಇದ್ದವರಿಗೆ ಅದು 2.3 ಕೆ.ಜಿ. ಮಿಷನ್ ಗಂಟೆಗೆ ಕೆ.ಜಿ.ಗೆ 13 ಮಿ.ಲೀ.ಗಿಂತ ಜೋರಾಗಿ ಎಳೆದರೆ ಹೃದಯಕ್ಕೆ ಪೆಟ್ಟು. ಅಂದರೆ 58 ಕೆ.ಜಿ.ಗೆ ನಾಲ್ಕು ಗಂಟೆಯಲ್ಲಿ ಹೆಚ್ಚೆಂದರೆ ಮೂರು ಲೀಟರ್. ಅದಕ್ಕಿಂತ ಹೆಚ್ಚು ನೀರು ಹೊತ್ತುಕೊಂಡು ಬಂದರೆ ಮೀನಖಂಡ ಹಿಡಿದುಕೊಂಡು ಕೂಗುವ ಸರದಿ ನಿಮ್ಮದು.

ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಶಸ್ತ್ರಕ್ರಿಯೆಯಿಂದ ಜೋಡಿಸಿದ ರಕ್ತನಾಳ, ಇರುವ ಕೈ ಬಗ್ಗೆ. ಬಲಗೈಯವರಿಗೆ ಇದು ಹೆಚ್ಚಾಗಿ ಎಡಗೈಯಲ್ಲಿ. ಕಾರ್ಯಕರ್ತರು ಆ ಕೈಗೆ ಪಕ್ಷದ ಬ್ಯಾಂಡ್ ಕಟ್ಟಲು, ಎಳೆದು ಕರೆದೊಯ್ಯಲು ಬಂದರೆ ನಗುತ್ತಲೇ ಬಲಗೈ ಮುಂದೆ ಮಾಡಿ. ವಾಚು, ದಾರ, ಚೀಲದ ಪಟ್ಟಿ ಯಾವುದೂ ಅಲ್ಲಿ ಬೇಡ. ಬೆಳಿಗ್ಗೆ ಸಂಜೆ ಬೆರಳಿಟ್ಟು ಝುಮ್ ಅನ್ನುವ ಮಿಡಿತ ನೋಡಿ. ಅದು ನಿಂತಿದ್ದರೆ ಅವತ್ತೇ, ಗಂಟೆಗಳೊಳಗೆ ಆಸ್ಪತ್ರೆ. ಮಾರನೇ ದಿನದವರೆಗೆ ಬಿಟ್ಟರೆ ಉಳಿಸಿಕೊಳ್ಳುವುದು ಕಷ್ಟ.

ರಕ್ತ ಹೆಚ್ಚಿಸುವ ಎರಿತ್ರೋಪೊಯಿಟಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಫ್ಲಾಸ್ಕಿನಲ್ಲಿಟ್ಟು ಒಯ್ಯುತ್ತೇನೆ. ನೇರ ಐಸ್ ತಾಗಿ ಹೆಪ್ಪುಗಟ್ಟಿದರೆ ಬಿಸಾಡಬೇಕು. ಆಸ್ಪತ್ರೆಗೆ ಕಟ್ಟಲು ನಗದು ಒಯ್ಯುವಾಗ 50,000 ರೂಪಾಯಿ ದಾಟಿದರೆ ಚೆಕ್‌ಪೋಸ್ಟಿನಲ್ಲಿ ದಾಖಲೆ ಕೇಳುತ್ತಾರೆ: ಆಸ್ಪತ್ರೆಯ ಅಂದಾಜು ಪಟ್ಟಿ, ವೈದ್ಯರ ಚೀಟಿ, ಬ್ಯಾಂಕಿನಿಂದ ತೆಗೆದದ್ದರ ರಸೀದಿ ಮೂರೂ ಒಟ್ಟಿಗಿರಲಿ.

ಮತದಾನದ ಬೆಳಿಗ್ಗೆ 6.45ಕ್ಕೇ ಮತಗಟ್ಟೆಯಲ್ಲಿದ್ದೆ. ಬಿಪಿ ಮಾತ್ರೆಯನ್ನು ಮಿಷನ್ ದಿನ ಯಾವಾಗ ನುಂಗಬೇಕು ಅಂತ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಪಾಳಿ ಬದಲಾದರೆ ಅದರ ಹೊತ್ತೂ ಬದಲಾಗುತ್ತೆ. ಮೊಬೈಲ್ ಒಳಗೆ ಬಿಡುವುದಿಲ್ಲ, ಆದ್ದರಿಂದ ಒಂದು ಚೀಟಿಯಲ್ಲಿ ಒಣ ತೂಕ, ಫಿಸ್ಟುಲಾ ಯಾವ ಕೈ, ರಕ್ತದ ಗುಂಪು, ಡಯಾಲಿಸಿಸ್ ಕೇಂದ್ರದ ನಂಬರ್ ಬರೆದು ಜೇಬಲ್ಲಿಡಿ. ಡಯಾಲಿಸಿಸ್ ಫೈಲ್ ತೋರಿಸಿ ಕುರ್ಚಿ ಕೇಳಲು ನಾಚಿಕೆ ಬೇಡ.

ಶಾಯಿ ಬಗ್ಗೆ ಒಂದು ಸಣ್ಣ ಮಾತು. ಎಡಗೈ ತೋರುಬೆರಳಿನ ಉಗುರಿನ ಮೇಲಿಂದ ಗೆಣ್ಣಿನವರೆಗೆ ಹಾಕುವ ಮೈಸೂರಿನ ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಫಿಸ್ಟುಲಾಕ್ಕೆ ಅದರಿಂದ ಏನೂ ಆಗದು. ಆದರೆ ಆ ಕಪ್ಪು ಉಗುರಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಆಮ್ಲಜನಕದ ಅಂಕೆ ತಪ್ಪು ಬರಬಹುದು. ಆಕ್ಸಿಮೀಟರನ್ನು ಬೇರೆ ಬೆರಳಿಗೆ ಹಾಕಲು ಹೇಳಿ. ಉಗುರು ಬೆಳೆದು ಹೋಗುವವರೆಗೆ ವಾರಗಟ್ಟಲೆ ಇದೇ ಪಾಡು.

ಎಣಿಕೆ ಜೂನ್ 4, ಮಂಗಳವಾರ. ಅವತ್ತು ತೊಂದರೆ ಇನ್ನೊಂದು ಗುಂಪಿನವರಿಗೆ. ಮಧ್ಯಾಹ್ನದ ಮೇಲೆ ಪಟಾಕಿ, ಮೆರವಣಿಗೆ, ಮುಖ್ಯ ರಸ್ತೆ ಬಂದ್. ನಮ್ಮ ಕೇಂದ್ರದ ಮಂಗಳವಾರದವರಿಗೆ ಹೇಳಿದ್ದು ಇಷ್ಟೇ: ಮೊದಲ ಪಾಳಿ ಹಿಡಿಯಿರಿ, ಹನ್ನೊಂದಕ್ಕೆಲ್ಲ ಮನೆ ಸೇರಿರಿ, ಫಲಿತಾಂಶ ಹಾಸಿಗೆ ಮೇಲೆ ಕೂತೇ ನೋಡಿ.