ಕಮೊಡೋರ್ 64ರ ಕಪ್ಪು ಪರದೆ: ಸ್ನೇಹಿತರ ಚಿಪ್‌ನಿಂದ ಪತ್ತೆಯಾದ ದೋಷ

ನನ್ನ ಕಮೊಡೋರ್ 64ರ (1980ರ ದಶಕದ ಮನೆ ಕಂಪ್ಯೂಟರ್) ಪವರ್ ದೀಪ ಉರಿಯುತ್ತಿತ್ತು, ಪರದೆ ಮಾತ್ರ ಪೂರ್ತಿ ಕಪ್ಪು. ಹಳೆಯ ಕಂಪ್ಯೂಟರ್ ಗುಂಪಿನ ಗೆಳೆಯರೊಬ್ಬರು ಪರೀಕ್ಷಿಸಿದ ಪಿಎಲ್ಎ ಚಿಪ್ಪನ್ನು (ಯಾವಾಗ ಯಾವ ಮೆಮೊರಿ ಚಿಪ್ ಕೆಲಸ ಮಾಡಬೇಕೆಂದು ನಿರ್ಧರಿಸುವ ಚಿಪ್) ಎರವಲು ಕಳಿಸಿದರು.

ಅದನ್ನು ಕೂರಿಸುವ ಮೊದಲು ಅಡಾಪ್ಟರನ್ನು ಬೋರ್ಡಿಗೆ ಜೋಡಿಸದೆ ಅಳೆಯಬೇಕು. ಡಿಸಿ ವೋಲ್ಟೇಜ್ 5ರ ಆಸುಪಾಸು ಇರಲಿ, 5.2 ದಾಟಿದರೆ ಆ ಅಡಾಪ್ಟರನ್ನು ಬಳಸಲೇಬೇಡಿ. ಅಡಾಪ್ಟರ್ ಒಳಗಿನ, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಕೆಟ್ಟಾಗ ವೋಲ್ಟೇಜ್ ಏರಿ ರ್‍ಯಾಮ್ ಚಿಪ್ಪುಗಳು ಸುಡುತ್ತವೆ. ಅಳೆಯದೆ ಇನ್ನೊಬ್ಬರ ಚಿಪ್ ಹಾಕುವುದು ನನ್ನ ಪ್ರಕಾರ ಸ್ನೇಹದ್ರೋಹ.

ಹೆಚ್ಚಿನ ಬೋರ್ಡುಗಳಲ್ಲಿ ಪಿಎಲ್ಎ ಇರುವ ಜಾಗಕ್ಕೆ ಯು17 ಎಂಬ ಗುರುತಿದೆ. ಹಳೆಯ ಚಿಪ್ಪಿಗೆ ಬೆಸುಗೆ ಹಾಕಿದ್ದರೆ ಅದರ ಕಾಲುಗಳನ್ನು ಕತ್ತರಿಸಿ, ಒಂದೊಂದನ್ನೇ ಬಿಡಿಸಿ, 28 ಪಿನ್‌ನ ಸಾಕೆಟ್ ಕೂರಿಸಿ. ಇಡೀ ಚಿಪ್ಪನ್ನು ಎಳೆದರೆ ಬೋರ್ಡಿನ ತಾಮ್ರದ ಗೆರೆ ಕಿತ್ತುಬರುತ್ತದೆ. ಚಿಪ್ಪಿನ ಕಚ್ಚು ಬೋರ್ಡಿನ ಗುರುತಿಗೆ ಹೊಂದಬೇಕು.

ಎರವಲು ಚಿಪ್ ಕೂರಿಸಿದಾಗ, ಕಂಪ್ಯೂಟರ್ ಸರಿಯಾಗಿ ಆರಂಭವಾದ ಗುರುತಾದ ನೀಲಿ ಪರದೆ ಬಂತು; ಅಂದರೆ ಕೆಟ್ಟಿದ್ದು ನನ್ನ ಪಿಎಲ್ಎ. ಎರವಲು ಚಿಪ್ಪನ್ನು ಕಪ್ಪು ಆಂಟಿಸ್ಟಾಟಿಕ್ ಫೋಮಿಗೆ ಚುಚ್ಚಿ ಹಿಂದಿರುಗಿಸಿ. ಥರ್ಮಾಕೋಲ್ ಬೇಡ, ಅದರ ಸ್ಥಿರ ವಿದ್ಯುತ್ ಚಿಪ್ಪನ್ನು ಕೊಲ್ಲಬಲ್ಲದು.